ಮಿಷಿಗನ್ ಸರೋವರದ ಮರಳುದಿಣ್ಣೆಗಳಿಗೆ ಎರಡು ಪ್ರಯಾಣ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರು ಹೇಳುತ್ತ ಬಂದ ಮಾತು. ದೇಶ ಸುತ್ತುವುದಕ್ಕೆ ಮೊದಲು ಆ ದೇಶಕ್ಕೆ ಸಂಬಂಧಿಸಿದ ಕೋಶವನ್ನು ಓದಿಕೊಳ್ಳಬೇಕು ಎಂಬ ಅರ್ಥವೂ ಆ ಮಾತಿನೊಳಗೆ ಅಡಗಿದೆಯೆಂಬುದು ನನಗೆ ಮನವರಿಕೆಯಾದದ್ದು ನನ್ನ ಅರವತ್ತೆಂಟನೆಯ ವಯಸ್ಸಿನಲ್ಲಿ, ಧಾರವಾಡದಿಂದ ಸಾವಿರಾರು ಮೈಲಿ ದೂರದ ಒಂದು ಸಿಹಿನೀರಿನ ಸರೋವರದ ದಂಡೆಯ ಮೇಲೆ. ಆ ಅನುಭವವನ್ನು ಓದುಗ ಬಾಂಧವರೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಇಂದು ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವುದು ಸಾಮಾನ್ಯವಾಗಿದೆ. ತಂದೆತಾಯಿಗಳು ಐದಾರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗುತ್ತಾರೆ. ಮಕ್ಕಳು ಬೆಳಿಗ್ಗೆ ಕೆಲಸಕ್ಕೆ ತೆರಳಿದರೆ ಮನೆಯಲ್ಲಿ ಉಳಿಯುವವರು ಇಬ್ಬರು ವೃದ್ಧರು ಮತ್ತು ಒಂದು ಗಡಿಯಾರ. ಕಾರು ನಡೆಸಲು ಬಾರದು, ನಡೆದುಹೋಗುವಷ್ಟು ಹತ್ತಿರದಲ್ಲಿ ಯಾವುದೂ ಇರದು. ವಾರಾಂತ್ಯ ಬಂದಾಗ ಮಕ್ಕಳು ಅಪಾರ ಪ್ರೀತಿಯಿಂದ ಎಲ್ಲಿಗಾದರೂ ಕರೆದುಕೊಂಡು ಹೋಗುತ್ತಾರೆ. ಆ ಪ್ರೀತಿಗೆ ಒಂದಿಷ್ಟು ಪೂರ್ವಸಿದ್ಧತೆ ಜೊತೆಗೂಡದಿದ್ದರೆ ಏನಾಗಬಹುದೆಂಬುದಕ್ಕೆ ನಮ್ಮ ಕುಟುಂಬವೇ ನಿದರ್ಶನ.

ನಮ್ಮ ಮಗ, ಸೊಸೆ ಮತ್ತು ಏಳು ವರ್ಷದ ಮೊಮ್ಮಗ ಷಿಕಾಗೋ ನಗರದ ಹೊರವಲಯದಲ್ಲಿದ್ದಾರೆ. ಅಲ್ಲಿಂದ ಪೂರ್ವದಿಕ್ಕಿಗೆ, ಮಿಷಿಗನ್ ಸರೋವರದ ದಕ್ಷಿಣ ತುದಿಯನ್ನು ಬಳಸಿಕೊಂಡು ಹೋದರೆ ಇಂಡಿಯಾನಾ ರಾಜ್ಯದಲ್ಲಿ ‘ಇಂಡಿಯಾನಾ ಡ್ಯೂನ್ಸ್’ ಎಂಬ ರಾಷ್ಟ್ರೀಯ ಉದ್ಯಾನವಿದೆ. ಷಿಕಾಗೋ ನಗರದ ಮಧ್ಯಭಾಗದಿಂದ ಅದು ಸುಮಾರು 50 ಮೈಲಿ, ಎಂದರೆ 80 ಕಿಲೋಮೀಟರು. ಸರೋವರದ ದಂಡೆಯುದ್ದಕ್ಕೂ ಸುಮಾರು 15 ಮೈಲಿ ಹಬ್ಬಿರುವ ಈ ಉದ್ಯಾನದ ವಿಸ್ತೀರ್ಣ 15,000 ಎಕರೆಗೂ ಮಿಗಿಲು. ಮರಳಿನ ಗುಡ್ಡಗಳು, ಅವುಗಳ ಹಿಂದೆ ಜವುಗುಭೂಮಿ, ಅದರಾಚೆ ಓಕ್ ಮರಗಳ ಕಾಡು, ಮುಂದೆ ಕಣ್ಣು ಹರಿಯುವವರೆಗೆ ನೀಲಿಯ ನೀರು, ಇಷ್ಟೆಲ್ಲ ಒಂದೇ ಕಡೆ ಸೇರಿವೆ.

ಮೊದಲ ಸಲ ಕಲಿತ ಪಾಠ

ಜುಲೈ ತಿಂಗಳ ಒಂದು ಭಾನುವಾರ ನಾವು ಹೊರಟೆವು. ‘ಬೀಚಿಗೆ ಹೋಗೋಣ’ ಎಂಬುದೊಂದೇ ನಮ್ಮ ಯೋಜನೆ. ಉಪಾಹಾರ ಮುಗಿಸಿ, ಸಾವಕಾಶವಾಗಿ ಹೊರಟು ತಲುಪುವಷ್ಟರಲ್ಲಿ ಹನ್ನೊಂದೂವರೆ ಗಂಟೆ. ಮೊದಲು ಹೋದ ಕಡೆ ಕಾರು ನಿಲ್ಲಿಸುವ ಸ್ಥಳ ತುಂಬಿಹೋಗಿತ್ತು, ಎರಡನೆಯ ಕಡೆಯೂ ಹಾಗೆಯೇ. ಕೊನೆಗೆ ‘ವೆಸ್ಟ್ ಬೀಚ್’ ಎಂಬಲ್ಲಿ ಬಹಳ ಹೊತ್ತು ಕಾದು ಸ್ಥಳ ಪಡೆದೆವು. ಬಿಸಿಲು ನೆತ್ತಿಗೇರಿತ್ತು.

ಅಲ್ಲಿಂದ ದಂಡೆಗೆ ಹೋಗಲು ಎರಡು ದಾರಿಗಳಿವೆ. ಒಂದು ಸಮತಟ್ಟಾದ ಹಾದಿ. ಇನ್ನೊಂದು ದಿಣ್ಣೆಯನ್ನು ಹತ್ತಿ ಇಳಿಯುವ ಹಾದಿ. ಅದರಲ್ಲಿ 250ಕ್ಕೂ ಹೆಚ್ಚು ಮರದ ಮೆಟ್ಟಿಲುಗಳಿವೆ. ನಮಗೆ ಇದು ತಿಳಿಯದು. ಮುಂದೆ ಹೋಗುತ್ತಿದ್ದ ಜನರ ಗುಂಪನ್ನು ಹಿಂಬಾಲಿಸಿದೆವು. ಆ ಗುಂಪು ಮೆಟ್ಟಿಲ ಹಾದಿ ಹಿಡಿದಿತ್ತು. ನನ್ನ ಶ್ರೀಮತಿಯವರಿಗೆ ಹಿಂದಿನ ವರ್ಷವಷ್ಟೇ ಬಲಗಾಲಿನ ಮಂಡಿಯ ಶಸ್ತ್ರಚಿಕಿತ್ಸೆಯಾಗಿತ್ತು. ಅರ್ಧ ಹತ್ತಿದ ಮೇಲೆ ಅವರು ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. ನೀರಿನ ಬಾಟಲಿಗಳು ಕಾರಿನಲ್ಲಿಯೇ ಉಳಿದಿದ್ದವು. ಮಗ ನೀರು ತರಲು ಕೆಳಗೆ ಓಡಿದ. ನಾನೂ ಸೊಸೆಯೂ ಅವರಿಗೆ ಗಾಳಿ ಹಾಕುತ್ತ ನಿಂತೆವು. ಈ ಗಡಿಬಿಡಿಯಲ್ಲಿ ಮೊಮ್ಮಗ ಮೆಟ್ಟಿಲು ಹತ್ತಿ, ಆಚೆಗೆ ಇಳಿದು, ದಂಡೆಯ ಕಡೆಗೆ ಓಡಿಹೋಗಿದ್ದ.

ಅವನು ಸಿಕ್ಕಿದ್ದು ಹತ್ತು ನಿಮಿಷಗಳ ಮೇಲೆ. ಅಪರಿಚಿತ ಕುಟುಂಬವೊಂದು ಅವನನ್ನು ತಮ್ಮ ಕೊಡೆಯ ಕೆಳಗೆ ಕೂಡಿಸಿಕೊಂಡು ನಮ್ಮ ದಾರಿ ಕಾಯುತ್ತಿತ್ತು. ಅಂದು ಸರೋವರದಲ್ಲಿ ಅಲೆಗಳು ಎದೆಯೆತ್ತರ ಏಳುತ್ತಿದ್ದವು. ಆ ಹತ್ತು ನಿಮಿಷಗಳಲ್ಲಿ ನಮ್ಮ ಮನಸ್ಸಿನಲ್ಲಿ ಹಾದುಹೋದ ಚಿತ್ರಗಳನ್ನು ಬರೆಯಲು ನನ್ನ ಲೇಖನಿಗೆ ಧೈರ್ಯವಿಲ್ಲ.

ಮರಳುವಾಗ ಕಾರಿನಲ್ಲಿ ಯಾರೂ ಮಾತನಾಡಲಿಲ್ಲ. ಮನೆಗೆ ಬಂದ ಮೇಲೆ ಶ್ರೀಮತಿಯವರು ಮಗನನ್ನು ಕರೆದು, “ನನ್ನ ಕಾಲಿನ ಸಲುವಾಗಿ ಕೂಸು ಕೈಬಿಟ್ಟು ಹೋಗಿತ್ತು. ಇನ್ನ ಮ್ಯಾಲೆ ನನ್ನ ಎಲ್ಲಿಗೂ ಕರೀಬ್ಯಾಡಪ್ಪ” ಎಂದರು. ಅಂದಿನಿಂದ ಎಂಟು ವಾರ ಅವರು ಮನೆಯ ಹೊಸ್ತಿಲು ದಾಟಲಿಲ್ಲ. ತಾಯಿಯನ್ನು ದಣಿಸಿದೆನೆಂದು ಮಗನಿಗೆ ಕೊರಗು, ತನ್ನಿಂದ ಎಲ್ಲರಿಗೂ ತೊಂದರೆಯೆಂದು ತಾಯಿಗೆ ಕೊರಗು. ತಪ್ಪು ಯಾರ ಕಾಲಿನದೂ ಅಲ್ಲ, ಯಾರ ಪ್ರೀತಿಯದೂ ಅಲ್ಲ. ನಾವು ಆ ಸ್ಥಳವನ್ನು ತಿಳಿದುಕೊಳ್ಳದೆ ಹೋದದ್ದೇ ತಪ್ಪು ಎಂದು ನನಗೆ ಕ್ರಮೇಣ ಅನಿಸತೊಡಗಿತು. ಹೀಗಾಗಿ ಅಧ್ಯಾಪಕ ವೃತ್ತಿಯ ಹಳೆಯ ಅಭ್ಯಾಸದಂತೆ ಸಮೀಪದ ಸಾರ್ವಜನಿಕ ಗ್ರಂಥಾಲಯದಿಂದ ಪುಸ್ತಕಗಳನ್ನು ತರಿಸಿಕೊಂಡು ಓದಲು ಕುಳಿತೆ.

ಮರಳು ಬಂದ ಬಗೆ

ಮಿಷಿಗನ್ ಸರೋವರವನ್ನು ಸರೋವರವೆಂದು ಕರೆಯಲು ನಮ್ಮ ನಾಲಿಗೆ ಹಿಂಜರಿಯುತ್ತದೆ. ಅದರ ವಿಸ್ತೀರ್ಣ ಸುಮಾರು 58,000 ಚದರ ಕಿಲೋಮೀಟರು. ನಮ್ಮ ಕರ್ನಾಟಕದ ವಿಸ್ತೀರ್ಣದ ಹತ್ತರಲ್ಲಿ ಮೂರು ಪಾಲು. ಉದ್ದ 307 ಮೈಲಿ, ಅತ್ಯಂತ ಆಳವಾದ ಕಡೆ 923 ಅಡಿ. ಅಷ್ಟೂ ಸಿಹಿನೀರು. ಅಮೆರಿಕದ ಐದು ಮಹಾಸರೋವರಗಳಲ್ಲಿ ಪೂರ್ತಿಯಾಗಿ ಆ ದೇಶದ ಗಡಿಯೊಳಗೇ ಇರುವುದು ಇದೊಂದೇ.

ಹಿಮಯುಗದ ಬೃಹತ್ ಹಿಮನದಿ ಉತ್ತರಕ್ಕೆ ಹಿಂದೆ ಸರಿದಾಗ ಅದು ಕೊರೆದ ತಗ್ಗಿನಲ್ಲಿ ಕರಗಿದ ನೀರು ನಿಂತು ಈ ಸರೋವರ ಹುಟ್ಟಿತು. ಹಿಮನದಿ ಅರೆದು ತಂದಿದ್ದ ಬಂಡೆಯ ಪುಡಿಯನ್ನು ಅಲೆಗಳು ತೊಳೆದು ದಕ್ಷಿಣದ ದಂಡೆಗೆ ಒಯ್ದವು. ದಂಡೆಯಲ್ಲಿ ಒಣಗಿದ ಮರಳನ್ನು ವಾಯವ್ಯದ ಗಾಳಿ ಒಳನಾಡಿಗೆ ತೂರಿತು. ಹುಲ್ಲಿನ ಗಿಡವೊಂದು ಅಡ್ಡ ಸಿಕ್ಕಲ್ಲಿ ಮರಳು ನಿಂತಿತು. ನಿಂತ ಮರಳಿನ ಮೇಲೆ ಹುಲ್ಲು ಮತ್ತೆ ಬೆಳೆಯಿತು. ಹೀಗೆ ಕಣಕಣವಾಗಿ ಕಟ್ಟಿದ ಗುಡ್ಡಗಳಿವು. ಸರೋವರದ ನೀರಿನ ಮಟ್ಟ ಹಂತಹಂತವಾಗಿ ಇಳಿದಂತೆಲ್ಲ ದಿಣ್ಣೆಗಳ ಹೊಸ ಹೊಸ ಸಾಲುಗಳು ಮೂಡಿದವು. ಒಳನಾಡಿನಲ್ಲಿರುವ ಅತ್ಯಂತ ಹಳೆಯ ಸಾಲಿಗೆ ಸುಮಾರು 14,000 ವರ್ಷಗಳ ವಯಸ್ಸು. ನೀರಿಗೆ ಹತ್ತಿರವಿರುವುದು ಇಂದಿಗೂ ಹುಟ್ಟುತ್ತಲೇ ಇದೆ.

ಈ ಕ್ರಮದಲ್ಲಿ ಅಡಗಿದ್ದ ರಹಸ್ಯವನ್ನು ಕಂಡವರು ಷಿಕಾಗೋ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಹೆನ್ರಿ ಚಾಂಡ್ಲರ್ ಕೌಲ್ಸ್. ದಂಡೆಯಿಂದ ಒಳನಾಡಿಗೆ ನಡೆಯುತ್ತ ಹೋಗುವುದೆಂದರೆ ಕಾಲದಲ್ಲಿ ಹಿಂದಕ್ಕೆ ನಡೆದಂತೆ ಎಂದು ಅವರು ಅರಿತರು. ಮೊದಲು ಬರಿಯ ಮರಳು, ಬಳಿಕ ಅದನ್ನು ಬೇರುಗಳಿಂದ ಹಿಡಿದು ನಿಲ್ಲಿಸುವ ಮ್ಯಾರಮ್ ಹುಲ್ಲು, ಆಮೇಲೆ ಕಾಟನ್‌ವುಡ್ ಮರ, ಅದರಾಚೆ ಪೈನ್, ಕೊನೆಗೆ ಓಕ್ ಕಾಡು. ಒಂದು ಸಸ್ಯ ತಾನು ಬಾಳಿ ಮಣ್ಣನ್ನು ಹದಗೊಳಿಸಿ ಮುಂದಿನದಕ್ಕೆ ಎಡೆಮಾಡಿಕೊಡುತ್ತದೆ. 1899ರಲ್ಲಿ ಅವರು ಪ್ರಕಟಿಸಿದ ಈ ಅಧ್ಯಯನ ಅಮೆರಿಕದಲ್ಲಿ ಪರಿಸರ ವಿಜ್ಞಾನಕ್ಕೆ ಅಡಿಪಾಯವಾಯಿತು. ಉದ್ಯಾನದಲ್ಲಿ 1,100ಕ್ಕೂ ಹೆಚ್ಚು ಬಗೆಯ ಸ್ಥಳೀಯ ಸಸ್ಯಗಳಿವೆ. ಉಷ್ಣಪ್ರದೇಶದ ಪಾಪಾಸುಕಳ್ಳಿಯ ಜಾತಿಯೂ ಹಿಮಪ್ರದೇಶದ ಕುರುಚಲು ಗಿಡವೂ ಇಲ್ಲಿ ನೆರೆಹೊರೆಯವರಂತೆ ಬೆಳೆಯುತ್ತವೆ. ನಾವು ಏದುಸಿರು ಬಿಡುತ್ತ ಹತ್ತಿದ ವೆಸ್ಟ್ ಬೀಚಿನ ಆ ಮೆಟ್ಟಿಲುಗಳು ಈ ಸಸ್ಯಪರಂಪರೆಯನ್ನು ತೋರಿಸುವುದಕ್ಕೆಂದೇ ಕಟ್ಟಿದ ಹಾದಿಯಾಗಿದ್ದವು! ಕಣ್ಣಿದ್ದೂ ಕಾಣದೆ ಹಿಂತಿರುಗಿದ್ದೆವು.

ಉಳಿಸಿದವರ ಕಥೆ

ಈ ನೆಲ ಮೂಲತಃ ಪೊಟವಾಟಮಿ ಎಂಬ ಮೂಲನಿವಾಸಿ ಜನರದು. 1838ರಲ್ಲಿ ಇಂಡಿಯಾನಾದಿಂದ ಅವರ ಒಂದು ದೊಡ್ಡ ಗುಂಪನ್ನು ಬಲವಂತವಾಗಿ ಪಶ್ಚಿಮಕ್ಕೆ ಅಟ್ಟಲಾಯಿತು. ದಾರಿಯಲ್ಲಿ ಅನೇಕರು, ಬಹುಮಟ್ಟಿಗೆ ಮಕ್ಕಳು, ಅಸುನೀಗಿದ ಆ ಪಯಣವನ್ನು ಇಂದಿಗೂ ‘ಸಾವಿನ ಹಾದಿ’ ಎಂದೇ ಸ್ಮರಿಸುತ್ತಾರೆ.

ಬಳಿಕ ಬಂದದ್ದು ಕೈಗಾರಿಕೆಯ ಯುಗ. ಮಿಷಿಗನ್ ಸಿಟಿ ಎಂಬ ಊರಿನ ಅಂಚಿನಲ್ಲಿ ‘ಹೂಷರ್ ಸ್ಲೈಡ್’ ಎಂಬ ಸುಮಾರು 200 ಅಡಿ ಎತ್ತರದ ಮರಳುಗುಡ್ಡವಿತ್ತು. ಗಾಜು ತಯಾರಿಸುವ ಕಾರ್ಖಾನೆಗಳಿಗೆ ಅದರ ಮರಳನ್ನು ರೈಲುಡಬ್ಬಿಗಳಲ್ಲಿ ತುಂಬಿ ಸಾಗಿಸಿದರು. 1920ರ ವೇಳೆಗೆ ಗುಡ್ಡವೇ ಇಲ್ಲವಾಯಿತು. ಆ ಬಯಲಿನಲ್ಲಿ ಮುಂದೆ ವಿದ್ಯುತ್ ಕೇಂದ್ರ ಎದ್ದಿತು.

ಉಳಿದ ದಿಣ್ಣೆಗಳನ್ನಾದರೂ ಕಾಪಾಡಬೇಕೆಂದು ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆಯ ಮೊದಲ ನಿರ್ದೇಶಕ ಸ್ಟೀಫನ್ ಮೇದರ್ ಅವರು 1916ರ ಅಕ್ಟೋಬರಿನಲ್ಲಿ ಷಿಕಾಗೋದಲ್ಲಿ ಸಾರ್ವಜನಿಕ ವಿಚಾರಣೆ ನಡೆಸಿದರು. ಮರುವರ್ಷ ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು; ಯೋಜನೆ ಮೂಲೆ ಸೇರಿತು. 1920ರ ದಶಕದಲ್ಲಿ ಇಂಡಿಯಾನಾ ರಾಜ್ಯವು ಮೂರು ಮೈಲಿ ದಂಡೆಯನ್ನಷ್ಟೇ ರಾಜ್ಯ ಉದ್ಯಾನವಾಗಿ ಉಳಿಸಿಕೊಂಡಿತು. 1952ರಲ್ಲಿ ಡೊರೊಥಿ ಬ್ಯೂಯೆಲ್ ಎಂಬ ಗೃಹಿಣಿ ಸುಮಾರು ಇಪ್ಪತ್ತು ಮಂದಿ ಮಹಿಳೆಯರನ್ನು ತಮ್ಮ ಮನೆಯಲ್ಲಿ ಸೇರಿಸಿ ಮರಳುದಿಣ್ಣೆಗಳ ಸಂರಕ್ಷಣೆಗಾಗಿ ಒಂದು ಸಂಸ್ಥೆ ಕಟ್ಟಿದರು. ಉಕ್ಕಿನ ಕಂಪನಿಗಳೂ ಬಂದರು ಬಯಸುವ ರಾಜಕಾರಣಿಗಳೂ ಒಂದು ಕಡೆ. ಮನೆಯ ಹಜಾರದಲ್ಲಿ ಸಭೆ ಸೇರಿದ ಹೆಣ್ಣುಮಕ್ಕಳು ಇನ್ನೊಂದು ಕಡೆ. ಅವರು ಹಣ ಕೂಡಿಸಿ, ಮೊದಲು ಒಂದು ಜವುಗುಭೂಮಿಯನ್ನು ಕೊಂಡು ಉಳಿಸಿದರು. ಅದಕ್ಕೆ ಇಂದು ಕೌಲ್ಸ್ ಅವರ ಹೆಸರಿದೆ.

ಇಂಡಿಯಾನಾದ ನಾಯಕರು ಬೆಂಬಲ ಕೊಡದಿದ್ದಾಗ ನೆರೆಯ ಇಲಿನಾಯ್ ರಾಜ್ಯದ ಸೆನೆಟರ್ ಪಾಲ್ ಡಗ್ಲಸ್ ಈ ಕಾರ್ಯವನ್ನು ತಮ್ಮದೆಂದು ಕೈಗೆತ್ತಿಕೊಂಡರು. ಹೋರಾಟದ ನಡುವೆಯೇ ಮಧ್ಯಭಾಗದ ಸುಂದರ ದಿಣ್ಣೆಗಳು ಉಕ್ಕಿನ ಕಾರ್ಖಾನೆಗೆ ಆಹುತಿಯಾದವು. ಅಲ್ಲಿನ ಮರಳನ್ನು ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಆವರಣವನ್ನು ಸರೋವರದೊಳಕ್ಕೆ ವಿಸ್ತರಿಸಲು ಸಾಗಿಸಲಾಯಿತು. ಕಡೆಗೆ ಒಂದು ರಾಜಿ: ಬಂದರೂ ಇರಲಿ, ಉದ್ಯಾನವೂ ಇರಲಿ. 1966ರ ನವೆಂಬರ್ 5ರಂದು ಅಧ್ಯಕ್ಷ ಜಾನ್ಸನ್ ಕಾಯಿದೆಗೆ ಸಹಿ ಹಾಕಿದರು. ಇಂಡಿಯಾನಾ ಡ್ಯೂನ್ಸ್ ‘ರಾಷ್ಟ್ರೀಯ ಸರೋವರತೀರ’ವಾಯಿತು. ಮೂರು ದಿನಗಳ ಬಳಿಕ ನಡೆದ ಚುನಾವಣೆಯಲ್ಲಿ ಡಗ್ಲಸ್ ಸೋತರು. ಅಧಿಕಾರ ಹೋಯಿತು, ಮಾಡಿದ ಕಾಯಕ ಉಳಿಯಿತು. 2019ರ ಫೆಬ್ರುವರಿ 15ರಂದು ಅದು ದೇಶದ 61ನೆಯ ರಾಷ್ಟ್ರೀಯ ಉದ್ಯಾನವೆಂಬ ಪದವಿಯನ್ನು ಪಡೆಯಿತು. ಆ ರಾಜಿಯ ಗುರುತು ಇಂದಿಗೂ ಕಣ್ಣಿಗೆ ಕಾಣುತ್ತದೆ. ಉದ್ಯಾನ ಒಂದೇ ತುಂಡಾಗಿಲ್ಲ. ನಡುನಡುವೆ ಉಕ್ಕಿನ ಕಾರ್ಖಾನೆ, ಬಂದರು, ಸಣ್ಣ ಊರುಗಳು ಬರುತ್ತವೆ.

ಎರಡನೆಯ ಪ್ರಯಾಣದ ಸಿದ್ಧತೆ

ಓದಿದ ಮೇಲೆ ಒಮ್ಮೆ ನೋಡಿಯೂ ಬರಬೇಕೆನಿಸಿತು. ಮಗನಿಗೆ ತೊಂದರೆ ಕೊಡದೆ ಹೋಗಲು ಒಂದು ಉಪಾಯವಿದೆಯೆಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಷಿಕಾಗೋದ ಮಿಲೆನಿಯಮ್ ನಿಲ್ದಾಣದಿಂದ ‘ಸೌತ್ ಶೋರ್’ ಎಂಬ ವಿದ್ಯುತ್ ರೈಲು ಹೊರಟು ಉದ್ಯಾನದ ಉದ್ದಕ್ಕೂ ಹಾದುಹೋಗುತ್ತದೆ. 1908ರಿಂದ ಓಡುತ್ತಿರುವ ಈ ಮಾರ್ಗದಲ್ಲಿ ಗ್ಯಾರಿ ಮತ್ತು ಮಿಷಿಗನ್ ಸಿಟಿಗಳ ನಡುವೆ ಜೋಡಿಹಳಿಯ ಕೆಲಸ 2024ರಲ್ಲಿ ಮುಗಿದು ಪ್ರಯಾಣದ ವೇಳೆ ಕಡಿಮೆಯಾಗಿದೆ. ಡ್ಯೂನ್ ಪಾರ್ಕ್, ಬೆವರ್ಲಿ ಶೋರ್ಸ್ ಮೊದಲಾದ ನಿಲ್ದಾಣಗಳಲ್ಲಿ ಇಳಿಯಬಹುದು. ಒಂದು ಗುರುವಾರ ನಾನೊಬ್ಬನೇ ಬುತ್ತಿ ಕಟ್ಟಿಕೊಂಡು ಹೋಗಿ, ಡ್ಯೂನ್ ಪಾರ್ಕಿನಲ್ಲಿ ಇಳಿದು, ಅಲ್ಲಿಂದ ಸುಮಾರು ಒಂದು ಮೈಲಿ ನಡೆದು ಪೋರ್ಟರ್ ಊರಿನ ಸಂದರ್ಶಕರ ಕೇಂದ್ರವನ್ನು ಸೇರಿದೆ. ಆ ಕಟ್ಟಡಕ್ಕೆ ಡೊರೊಥಿ ಬ್ಯೂಯೆಲ್ ಅವರ ಹೆಸರಿಟ್ಟಿರುವುದನ್ನು ಕಂಡು ಮನಸ್ಸು ತುಂಬಿಬಂತು. ಅಲ್ಲಿನ ವನರಕ್ಷಕಿಯೊಬ್ಬರು ನಕಾಶೆಯನ್ನು ಬಿಡಿಸಿ, ನನ್ನ ಮಾತನ್ನು ತಾಳ್ಮೆಯಿಂದ ಕೇಳಿ, ಮಂಡಿನೋವಿನವರಿಗೆ ಯಾವ ಜಾಗ, ಮಕ್ಕಳಿಗೆ ಯಾವ ಜಾಗ ಎಂದು ಪೆನ್ಸಿಲಿನಿಂದ ಗುರುತು ಹಾಕಿಕೊಟ್ಟರು. ಅಂದು ನಾನು ಬರೆದುಕೊಂಡು ಬಂದ ಸಂಗತಿಗಳನ್ನು, ಮುಂದೆ ಹೋಗುವವರಿಗೆ ಉಪಯೋಗವಾಗಲೆಂದು ಇಲ್ಲಿ ಕೊಡುತ್ತೇನೆ.

ಮೊದಲನೆಯದು ಕಾಲ. ಜುಲೈ, ಆಗಸ್ಟ್ ತಿಂಗಳ ವಾರಾಂತ್ಯಗಳಲ್ಲಿ ಜನಸಂದಣಿ ವಿಪರೀತ. ಆ ದಿನಗಳಲ್ಲಿ ಹೋಗಲೇಬೇಕಾದರೆ ಬೆಳಿಗ್ಗೆ ಎಂಟು ಗಂಟೆಯೊಳಗೆ ತಲುಪಬೇಕು. ಮೇ ತಿಂಗಳಲ್ಲಿ ವಲಸೆ ಹಕ್ಕಿಗಳು ಬರುತ್ತವೆ. ಈ ಪ್ರದೇಶದಲ್ಲಿ ಕಂಡ ಹಕ್ಕಿಗಳ ಬಗೆಗಳು 350ಕ್ಕೂ ಮಿಗಿಲು. ಸೆಪ್ಟೆಂಬರಿನಲ್ಲಿ ಬಿಸಿಲು ಹಿತ, ಅಕ್ಟೋಬರಿನಲ್ಲಿ ಎಲೆಗಳು ಬಣ್ಣ ತಳೆಯುತ್ತವೆ. ಚಳಿಗಾಲದಲ್ಲಿ ದಂಡೆಗೆ ತಾಗಿ ಮಂಜುಗಡ್ಡೆಯ ಗುಡ್ಡೆಗಳು ಏಳುತ್ತವೆ. ನೋಡಲು ಗಟ್ಟಿನೆಲದಂತಿದ್ದರೂ ಒಳಗೆ ಟೊಳ್ಳು. ಅವುಗಳ ಮೇಲೆ ಕಾಲಿಡಬಾರದು.

ಎರಡನೆಯದು ಶುಲ್ಕ. 2022ರ ವಸಂತದಿಂದ ರಾಷ್ಟ್ರೀಯ ಉದ್ಯಾನಕ್ಕೆ ಪ್ರವೇಶಶುಲ್ಕವಿದೆ. ಆಗ ನಿಗದಿಯಾದದ್ದು ಒಂದು ಕಾರಿಗೆ ಏಳು ದಿನಗಳವರೆಗೆ 25 ಡಾಲರ್. ಹೊರಡುವ ಮುನ್ನ ಆ ವರ್ಷದ ದರವನ್ನು ವಿಚಾರಿಸಿಕೊಳ್ಳಬೇಕು. ರಾಜ್ಯ ಉದ್ಯಾನವು ಇದರ ನಡುವೆಯೇ ಇದ್ದರೂ ಅದರ ಬಾಗಿಲು ಬೇರೆ, ಶುಲ್ಕ ಬೇರೆ. ಒಂದರ ಚೀಟಿ ಇನ್ನೊಂದಕ್ಕೆ ನಡೆಯದು. ಎತ್ತರದ ಮೂರು ದಿಣ್ಣೆಗಳು ರಾಜ್ಯ ಉದ್ಯಾನದಲ್ಲಿವೆ. ಅವುಗಳಲ್ಲಿ 192 ಅಡಿಯ ಮೌಂಟ್ ಟಾಮ್ ಎಲ್ಲಕ್ಕಿಂತ ಎತ್ತರ. ಕಾಲಿನಲ್ಲಿ ಕಸುವಿರುವ ತರುಣರು ಒಂದೇ ದಿನ ಮೂರನ್ನೂ ಹತ್ತಿಳಿಯುವ ಪಂಥ ಕಟ್ಟುತ್ತಾರೆ.

ಮೂರನೆಯದು ಸ್ಥಳದ ಆಯ್ಕೆ. ವಯಸ್ಸಾದವರಿಗೆ ಬೆವರ್ಲಿ ಶೋರ್ಸ್ ಬಳಿಯ ‘ಲೇಕ್ ವ್ಯೂ’ ಯೋಗ್ಯ. ಕಾರಿನಿಂದ ಕೆಲವೇ ಹೆಜ್ಜೆ ನಡೆದರೆ ಮೇಜು, ಬೆಂಚು, ಎದುರಿಗೆ ಸರೋವರ. ಅದರ ಹತ್ತಿರವೇ 1933ರ ಷಿಕಾಗೋ ವಿಶ್ವಮೇಳಕ್ಕಾಗಿ ಕಟ್ಟಿ, ಮೇಳದ ನಂತರ ಇಲ್ಲಿಗೆ ತಂದ ಐದು ವಿಚಿತ್ರ ಮನೆಗಳಿವೆ. ಪೋರ್ಟೇಜ್ ಎಂಬಲ್ಲಿ ನದೀಮುಖದ ಪಕ್ಕದಲ್ಲಿ ಗಟ್ಟಿಯಾದ ಸಮತಟ್ಟು ಹಾದಿಯಿದೆ. ಕೈಗಾರಿಕೆಯಿಂದ ಕೆಟ್ಟಿದ್ದ ನೆಲವನ್ನು ಶುಚಿಗೊಳಿಸಿ 2008ರಲ್ಲಿ ಅದನ್ನು ಜನರಿಗೆ ತೆರೆದರು.

ನಾಲ್ಕನೆಯದು ಎಚ್ಚರಿಕೆ. ಸರೋವರದ ಸೆಳವು ಸಮುದ್ರದ ಸೆಳವಿಗೆ ಕಡಿಮೆಯದಲ್ಲ. ಬೇಸಿಗೆಯಲ್ಲಿ ಕೆಲವು ಕಡೆಗಳಲ್ಲಿ ಮಾತ್ರ ಜೀವರಕ್ಷಕರಿರುತ್ತಾರೆ. ಅಲೆಗಳೆದ್ದ ದಿನ ನೀರಿಗಿಳಿಯಬಾರದು. ಮಗುವಿನ ಕೈ ಹಿಡಿಯುವವರು ಇಂಥವರೇ ಎಂದು ಮನೆಯಲ್ಲಿಯೇ ಗೊತ್ತುಮಾಡಿಕೊಂಡು ಹೊರಡಬೇಕು. ಕಾಡಿನ ಹಾದಿಯಲ್ಲಿ ಉಣ್ಣೆಗಳೂ, ಮುಟ್ಟಿದರೆ ತುರಿಕೆ ಏಳಿಸುವ ಮೂರೆಲೆಯ ಬಳ್ಳಿಯೂ ಇರುವುದರಿಂದ ಮೈತುಂಬ ಬಟ್ಟೆ ಲೇಸು. ನೀರು ಎಲ್ಲರ ಕೈಯಲ್ಲಿಯೂ ಇರಬೇಕು.

ಇದೆಲ್ಲವನ್ನೂ ಶ್ರೀಮತಿಯವರ ಮುಂದೆ ನಕಾಶೆ ಹರಡಿ ವಿವರಿಸಿದೆ. ಅವರು ಏನೂ ಹೇಳದೆ ಎದ್ದು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಸೊಸೆಯನ್ನು ಕೂಗಿ, “ಶನಿವಾರಕ್ಕ ರೊಟ್ಟಿ ಎಷ್ಟು ಬೇಕಾಗ್ತಾವ ನೋಡವಾ” ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು.

ನಡೆಯುವ ಗುಡ್ಡ

ಸೆಪ್ಟೆಂಬರ್ ಕೊನೆಯ ಶನಿವಾರ ಬೆಳಿಗ್ಗೆ ಎಂಟಕ್ಕೆ ನಾವು ಲೇಕ್ ವ್ಯೂನಲ್ಲಿದ್ದೆವು. ನೀರು ಕನ್ನಡಿಯಂತೆ ನಿಂತಿತ್ತು. ದೂರದಲ್ಲಿ ಷಿಕಾಗೋದ ಗಗನಚುಂಬಿಗಳು ಕಡ್ಡಿ ನೆಟ್ಟಂತೆ ಕಾಣುತ್ತಿದ್ದವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಿಚ್ಚಿ ಉಂಡೆವು. ಶ್ರೀಮತಿಯವರು ಬಹಳ ಹೊತ್ತು ನೀರನ್ನೇ ನೋಡುತ್ತ ಕುಳಿತರು.

ಅಲ್ಲಿಂದ ಉದ್ಯಾನದ ಪೂರ್ವದ ಅಂಚಿನ ‘ಮೌಂಟ್ ಬಾಲ್ಡಿ’ಗೆ ಹೋದೆವು. 126 ಅಡಿ ಎತ್ತರದ ಈ ಬೋಳುಗುಡ್ಡ ವರ್ಷಕ್ಕೆ ಹಲವು ಅಡಿಗಳಷ್ಟು ಒಳನಾಡಿನ ಕಡೆ ಸರಿಯುತ್ತಿದೆ. ಪಕ್ಕದ ಬಂದರಿನ ಕಟ್ಟೆಯಿಂದಾಗಿ ದಂಡೆಗೆ ಬರಬೇಕಾದ ಹೊಸ ಮರಳು ತಡೆಯಲ್ಪಟ್ಟದ್ದು, ಹಿಡಿದು ನಿಲ್ಲಿಸುವ ಹುಲ್ಲು ಜನರ ಕಾಲ್ತುಳಿತಕ್ಕೆ ನಾಶವಾದದ್ದು ಇದಕ್ಕೆ ಕಾರಣಗಳು. ಕಾರು ನಿಲ್ಲಿಸುವ ಜಾಗದಿಂದಲೇ ನೋಡಬಹುದು: ಮರಳಿನ ಗೋಡೆ ನಿಂತಿದೆ, ಅದರೊಳಗೆ ಓಕ್ ಮರಗಳು ಕೊರಳವರೆಗೆ ಹೂತಿವೆ.

“ಅಜ್ಜಾ, ಗುಡ್ಡ ಹೆಂಗ ನಡೀತದ? ಅದಕ್ಕ ಕಾಲು ಎಲ್ಲಿ ಅವ?” ಎಂದು ಮೊಮ್ಮಗ ಕೇಳಿದ. ಹತ್ತಲು ಬಿಡಿರೆಂದು ಹಟ ಹಿಡಿದ. ಆಗ ಅವನಿಗೆ 2013ರ ಜುಲೈನಲ್ಲಿ ನಡೆದ ಘಟನೆಯನ್ನು ಹೇಳಿದೆ. ಆರು ವರ್ಷದ ಬಾಲಕನೊಬ್ಬ ಈ ಗುಡ್ಡದ ಮೇಲೆ ನಡೆಯುತ್ತಿದ್ದಾಗ ಇದ್ದಕ್ಕಿದ್ದಂತೆ ಮರಳಿನಲ್ಲಿ ಕುಸಿದ. ಮೂರು ಗಂಟೆಗೂ ಮಿಕ್ಕಿ ಅಗೆದು, ಸುಮಾರು 11 ಅಡಿ ಆಳದಿಂದ ಅವನನ್ನು ಮೇಲೆತ್ತಿದರು; ಆತ ಬದುಕಿ ಉಳಿದ. ಗುಡ್ಡ ನುಂಗಿದ್ದ ಮರಗಳು ಒಳಗೇ ಕೊಳೆತು ಟೊಳ್ಳು ಕೊಳವೆಗಳಾಗಿದ್ದವೆಂದು ವಿಜ್ಞಾನಿಗಳು ಕಂಡುಹಿಡಿದರು. ಅಂದಿನಿಂದ ಗುಡ್ಡದ ಮೇಲೆ ಯಾರೂ ತಾವಾಗಿ ಹತ್ತುವಂತಿಲ್ಲ. ವನರಕ್ಷಕರು ಕರೆದೊಯ್ದಾಗ ಮಾತ್ರ ಹೋಗಬಹುದು. ಮೊಮ್ಮಗ ಮೌನವಾಗಿ ಬಂದು ಅಜ್ಜಿಯ ಕೈ ಹಿಡಿದುಕೊಂಡ.

ಆ ಹೂತ ಮರಗಳನ್ನು ನೋಡುತ್ತಿದ್ದ ಶ್ರೀಮತಿಯವರು, “ತಲಕಾಡದಾಗೂ ಹಿಂಗ ಇತ್ತಲ್ರೀ” ಎಂದರು. ನನಗೂ ಅದೇ ನೆನಪಾಗಿತ್ತು. ಅದೇ 2013ರ ಕೊನೆಗೆ ನಾವಿಬ್ಬರೂ ಪಂಚಲಿಂಗ ದರ್ಶನಕ್ಕೆಂದು ತಲಕಾಡಿಗೆ ಹೋಗಿದ್ದೆವು. ಕಾವೇರಿಯ ದಂಡೆಯ ಆ ಮರಳಿನಲ್ಲಿ ಪಾತಾಳೇಶ್ವರ, ಮರುಳೇಶ್ವರ ಗುಡಿಗಳನ್ನು ನೋಡಲು ಮೆಟ್ಟಿಲಿಳಿದು ಹೋಗಬೇಕು. ಜನಪದರು ಅಲಮೇಲಮ್ಮನ ಶಾಪವೆಂದರು; ವಿದ್ವಾಂಸರು ನದಿಯ ತಿರುವು, ಅಣೆಕಟ್ಟು, ಗಾಳಿ ಎಂದು ವಿವರಿಸಿದರು. ಅಂದು ಮಂಡಿನೋವಿಲ್ಲದ ಕಾಲ. ಮರಳಿನಲ್ಲಿ ಅವರೇ ನನಗಿಂತ ಮುಂದೆ ನಡೆದಿದ್ದರು. ಅಜ್ಜಿ ಮೊಮ್ಮಗನಿಗೆ ಅಲಮೇಲಮ್ಮನ ಕಥೆಯನ್ನು ಹೇಳತೊಡಗಿದರು. ಇಂಗ್ಲಿಷಿನಲ್ಲಿಯೇ ಮಾತನಾಡುವ ಆ ಹುಡುಗ ಅರ್ಧ ಗಂಟೆ ಬಾಯಿ ಮುಚ್ಚದೆ ಕನ್ನಡದಲ್ಲಿಯೇ ಪ್ರಶ್ನೆ ಕೇಳಿದ. ಮುಳುಗಿದ ಗುಡಿಗಳನ್ನು ತೋರಿಸಲು ಯಾವಾಗ ಕರೆದೊಯ್ಯುತ್ತೀರಿ ಎಂಬುದು ಅವನ ಕೊನೆಯ ಪ್ರಶ್ನೆ.

ಮಧ್ಯಾಹ್ನ ಮಗ ಮನೆಯ ದಾರಿ ಹಿಡಿಯಲು ಸಿದ್ಧನಾದಾಗ ಶ್ರೀಮತಿಯವರೇ, “ಆವತ್ತಿನ ಆ ಜಾಗಾಕ್ಕ ಹೋಗೂಣು” ಎಂದರು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ವೆಸ್ಟ್ ಬೀಚಿನಲ್ಲಿ ಈ ಸಲ ಬೇಕಾದಷ್ಟು ಜಾಗವಿತ್ತು. ಸಮತಟ್ಟಾದ ಹಾದಿಯಲ್ಲಿ, ಮಗನ ತೋಳು ಹಿಡಿದು, ನಡುವೆ ಎರಡು ಸಲ ನಿಂತು, ಅವರು ದಂಡೆ ತಲುಪಿದರು. ಚಪ್ಪಲಿ ಬಿಟ್ಟು ನೀರಿನಲ್ಲಿ ಪಾದ ಮುಳುಗುವಷ್ಟು ನಿಂತರು. ಇಲ್ಲಿನ ಮರಳಿಗೆ ಒಂದು ಗುಣವಿದೆ. ಒಣಮರಳಿನ ಮೇಲೆ ಕಾಲೆಳೆದು ನಡೆದರೆ ಕಿರುಗುಟ್ಟುವ ಸದ್ದು ಬರುತ್ತದೆ. ಇದನ್ನು ‘ಹಾಡುವ ಮರಳು’ ಎನ್ನುತ್ತಾರೆ. ಮೊಮ್ಮಗ ಅದನ್ನು ಹಾಡಿಸುತ್ತ ಅತ್ತಿತ್ತ ಓಡಾಡಿದ. ಅವನ ಕೈ ಹಿಡಿಯುವ ಸರದಿ ಅಂದು ನನ್ನದಾಗಿತ್ತು.

ಹೊರಡುವಾಗ ಅವನ ಜೇಬುಗಳು ಭಾರವಾಗಿದ್ದವು. ತೆಗೆಸಿ ನೋಡಿದರೆ ಹನ್ನೆರಡು ಬಣ್ಣದ ಕಲ್ಲುಗಳು. ಉದ್ಯಾನದಿಂದ ಕಲ್ಲಾಗಲಿ, ಗಿಡವಾಗಲಿ ಒಯ್ಯಬಾರದೆಂಬ ನಿಯಮವನ್ನು ತಿಳಿಸಿದೆ. ಹೂಷರ್ ಸ್ಲೈಡ್ ಗುಡ್ಡವನ್ನು ಜನ ಹೇಗೆ ಖಾಲಿ ಮಾಡಿದರೆಂದೂ ಹೇಳಿದೆ. ಅವನು ಒಂದೊಂದಾಗಿ ಎಣಿಸುತ್ತ ಹನ್ನೆರಡನ್ನೂ ದಂಡೆಗೆ ಮರಳಿಸಿದ. ಅಜ್ಜಿಯೂ ಚಪ್ಪಲಿಯನ್ನು ಮಗುಚಿ, ಅದರೊಳಗಿನ ಮರಳನ್ನು ಅಲ್ಲಿಯೇ ಕೊಡವಿದರು.

ಮನೆಯ ಹಿರಿಯರನ್ನು ಹೊರಗೆ ಕರೆದೊಯ್ಯುವ ಮಕ್ಕಳಿಗೆ ನನ್ನದೊಂದು ವಿನಂತಿ. ಕಾರು ಹೊರಡಿಸುವ ಮೊದಲು ಒಂದು ಸಂಜೆ ಅವರೊಡನೆ ಕುಳಿತು ನಕಾಶೆ ಹರಡಿರಿ. ಎಷ್ಟು ಮೆಟ್ಟಿಲಿವೆ, ಎಲ್ಲಿ ನೆರಳಿದೆ, ಕುಳಿತುಕೊಳ್ಳುವ ಬೆಂಚು ಎಲ್ಲಿದೆ ಎಂದು ವಿಚಾರಿಸಿಕೊಳ್ಳಿರಿ. ಹಿರಿಯರಿಗೂ ನನ್ನದೊಂದು ಮಾತು: ನಿಮ್ಮ ಕಾಲಿನ ಅಳತೆಯನ್ನು ಸಂಕೋಚವಿಲ್ಲದೆ ಮೊದಲೇ ಹೇಳಿಬಿಡಿರಿ. ನಾವು ಊರಿಗೆ ಮರಳಿದ ಮೇಲೆ ಪ್ರತಿ ಭಾನುವಾರ ದೂರವಾಣಿಯಲ್ಲಿ ಮೊಮ್ಮಗ ಕೇಳುವ ಮೊದಲ ಪ್ರಶ್ನೆ ಒಂದೇ, “ಅಜ್ಜಿ, ತಲಕಾಡಕ್ಕ ಯಾವಾಗ?” ಶ್ರೀಮತಿಯವರು ಈಗ ದಿನವೂ ಬೆಳಿಗ್ಗೆ ಅರ್ಧ ಗಂಟೆ ನಡೆಯುತ್ತಾರೆ; ಅಲ್ಲಿ ಎಷ್ಟು ಮೆಟ್ಟಿಲಿವೆಯೆಂದು ವಿಚಾರಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದಾರೆ.